ಫಾಲನಿಕೊನ ಶಂಖ ತಪ್ಪಿದ ಶನಿವಾರ

ತಫುವೈ ಎಂಬ ದ್ವೀಪದೂರಿನಲ್ಲಿ ಗಡಿಯಾರ ಇಲ್ಲವೆಂದಲ್ಲ. ಶಾಲೆಯ ಗೋಡೆಯ ಮೇಲೊಂದಿದೆ; ನಿಂತು ಯಾವ ಕಾಲವಾಯಿತೋ. ಊರು ನಂಬಿದ್ದು ಫಾಲನಿಕೊನ ಶಂಖವನ್ನು. ಹೊತ್ತು ಸಮುದ್ರಕ್ಕಿಳಿದು ಅವನು ಶಂಖ ಊದಿದನೆಂದರೆ ಎಲ್ಲರೂ ಮನೆಯೊಳಗೆ. ಸಂಜೆಯ ಪ್ರಾರ್ಥನೆ ಮುಗಿಯುವ ತನಕ ದಾರಿಯಲ್ಲಿ ಒಂದು ನರಪಿಳ್ಳೆ ಕಾಣಬಾರದು. ಕಂಡರೆ ಊರ ಸಭೆ ಸುಮ್ಮನೆ ಬಿಡುವುದಿಲ್ಲ. ಆ ಶಂಖ ಅವನಪ್ಪನದು. ಇವನ ಕೈಗೆ ಬಂದು ಮೂವತ್ತೊಂದು ವರ್ಷ, ಒಂದು ದಿನ ತಪ್ಪಿದ್ದಿಲ್ಲ.

ಅದು ಬಿಟ್ಟರೆ ರಗ್ಬಿ. ಅವನ ಹೆಂಡತಿ ಪಲೇಪಳನ್ನು ಕೇಳಬೇಕು: "ಮೊದಲು ಶಂಖ, ಆಮೇಲೆ ರಗ್ಬಿ, ಆಮೇಲೆ ಹಂದಿ. ನನ್ನ ಪಾಳಿ ಬರೋದ್ರೊಳಗೆ ಗೊರಕೆ ಹೊಡೀತಿರ್ತಾನೆ."

ಇಂಥ ಮನುಷ್ಯನ ಕಣ್ಣಿಗೆ ಎರಡು ವರ್ಷದಿಂದ ಪೊರೆ ಬಂದಿತ್ತು. ಸಭೆಯ ಕಿವಿಗೆ ಬಿದ್ದರೆ ಶಂಖ ಬೇರೆಯವರ ಪಾಲಾದೀತೆಂದು ಗಂಡ ಹೆಂಡತಿ ಬಾಯಿ ಬಿಟ್ಟಿರಲಿಲ್ಲ. ಹೊತ್ತು ಮುಳುಗಿದಾಗ ಪಲೇಪ ಒಲೆಯ ಬಳಿಯಿಂದ ಕೆಮ್ಮುವಳು, ಇವನು ಊದುವನು. ಕಳ್ಳರು!

ಗುಟ್ಟು ಹಿಡಿದವನು ರೋರಿ. ಟಾಸ್ಮೇನಿಯಾದಿಂದ ಗಣಿತ ಕಲಿಸಲು ಸ್ವಯಂಸೇವಕನಾಗಿ ಬಂದು ಇವರ ಮನೆಯಲ್ಲೇ ಉಳಿದಿದ್ದ ನಲವತ್ತರ ಬೋಳುತಲೆಯ ಮೇಷ್ಟ್ರು. ಒಂದು ಶನಿವಾರ ಆಟದಲ್ಲಿ ಎದುರಾಳಿಗಳು ಗೆರೆ ದಾಟಿ ಚೆಂಡು ಊರಿ ಟ್ರೈ ಗಳಿಸಿದಾಗ ಫಾಲನಿಕೊ ಎದ್ದು ಕುಣಿದುಬಿಟ್ಟ.

"ಅಣ್ಣಾ, ಆ ಟ್ರೈ ಅವರದು," ಎಂದು ರೋರಿ ಪಿಸುಗುಟ್ಟಿದ.

ಫಾಲನಿಕೊ ಅವನ ಮಣಿಕಟ್ಟು ಹಿಡಿದು ಕೂರಿಸಿಕೊಂಡ. "ಯಾರಿಗೂ ಹೇಳ್ಬೇಡ ತಮ್ಮಾ. ಇನ್ಮೇಲೆ ಕಂಡದ್ದನ್ನೆಲ್ಲ ನನ್ನ ಕಿವೀಲಿ ಹೇಳು."

ಪಾಪ, ರೋರಿಗೆ ಆಗ ಭಾಷೆಯೂ ಬಾರದು, ಆಟವೂ ತಿಳಿಯದು. "ದಪ್ಪ ಕಾಲು ಓಡ್ತು. ಚೆಂಡು ಮುಂದಕ್ಕೆ ಕೊಟ್ತು."

"ಮುಂದಕ್ಕೆ ಕೊಟ್ರೆ ತಪ್ಪು ಕಣಯ್ಯಾ! ಕೈಯಿಂದ ಕೊಡೋದೆಲ್ಲ ಹಿಂದಕ್ಕೆ! ನಿಂಗೆ ಗಣಿತ ಕಲಿಸಿದ ಪುಣ್ಯಾತ್ಮ ಯಾರು?"

ಹೀಗೆ ಬೈಸಿಕೊಂಡೇ ರೋರಿ ಎರಡನ್ನೂ ಕಲಿತ. ಆಟದ ದಿನಗಳಲ್ಲಿ ಪಲೇಪಳ ಕೆಮ್ಮು ಮೈದಾನಕ್ಕೆ ಕೇಳದು. "ಅಣ್ಣಾ, ಸೂರ್ಯ ನೀರು ಮುಟ್ಟಿದ" ಎನ್ನುವುದೂ ಅವನ ಕೆಲಸವೇ ಆಯಿತು. ವರ್ಷ ಕಳೆಯುವುದರೊಳಗೆ ಒಬ್ಬರನ್ನು ಬಿಟ್ಟು ಒಬ್ಬರು ಕೆಸುವಿನ ಗೆಡ್ಡೆ ಮುಟ್ಟುತ್ತಿರಲಿಲ್ಲ.

ಆ ವರ್ಷ ಕೊನೆಯ ಪಂದ್ಯ ಸಲೆಮೊಗ ಊರಿನ ಮೇಲೆ. ಅವರ ಲಾರಿಯ ಚಕ್ರ ದಾರಿಯಲ್ಲಿ ಕೈಕೊಟ್ಟು ಆಟ ಶುರುವಾಗುವುದೇ ತಡವಾಯಿತು. ಹತ್ತು ನಿಮಿಷ ಉಳಿದಿರುವಾಗ ತಫುವೈ ಮೂರು ಅಂಕ ಹಿಂದೆ. ಆಮೇಲೆ ಆಟದಲ್ಲೇ ಮುಳುಗಿದ ರೋರಿಯ ಬಾಯಿ ಕಟ್ಟಿಹೋಯಿತು. ಫಾಲನಿಕೊ ತೋಳು ತಿವಿದರೂ ಮಾತಿಲ್ಲ. ಒಮ್ಮೆಲೇ ಜನ ಹುಚ್ಚೆದ್ದು ಕೂಗಿದರು. ಯಾರೋ ಫಾಲನಿಕೊನನ್ನು ಎತ್ತಿ ಕುಣಿಸಿದರು. ಗೆದ್ದರು! ಆ ಗದ್ದಲದ ನಡುವೆ ದೂರದಿಂದ ಪಕ್ಕದೂರಿನ ಶಂಖ ಕೇಳಿಸಿತು. ಮೈದಾನ ತಣ್ಣಗಾಯಿತು. ಪಡುವಣದಲ್ಲಿ ಸೂರ್ಯ ಇರಲಿಲ್ಲ.

ಸೋಮವಾರ ಬೆಳಗ್ಗೆ ಊರ ಸಭೆ. ಸದಸ್ಯರು ಬಂದು ನೋಡಿದರೆ ಸಭಾಮನೆಯ ಮುಂದಿನ ಹುಲ್ಲಿನ ಮೇಲೆ ರೋರಿ ತಲೆಯ ಮೇಲೆ ಚಾಪೆ ಹೊದ್ದು ಕೂತಿದ್ದಾನೆ. ದೊಡ್ಡ ತಪ್ಪು ಮಾಡಿದವರು ಮನೆತನದ ನಯವಾದ ಚಾಪೆ ಹೊದ್ದು ಕ್ಷಮೆ ಬೇಡುವ ರೀತಿ ಅದು. ಇವನು ತಂದದ್ದು ಪಲೇಪ ಮಲಗುವ ಚಾಪೆ.

ಹಿರಿಯ ಮುಖಂಡ ಒಲೊಮಾಲು ಮೀಸೆಯಡಿ ನಗು ಅದುಮಿಕೊಂಡು ಕೇಳಿದ, "ಕೊಲೆ ಮಾಡಿದೋರು ಹೀಗೆ ಕೂರೋದು ಮೇಷ್ಟ್ರೇ. ಯಾರನ್ನ ಕೊಂದ್ರಿ?"

"ತಪ್ಪು ನಂದು," ಎಂದಿತು ಚಾಪೆ, ಕಣ್ಣಿನ ಗುಟ್ಟು ಬಿಡದೆ. "ಅಣ್ಣನ್ನ ಮಾತಾಡಿಸ್ತಾ ಕೂರಿಸ್ಕೊಂಡೋನು ನಾನು."

ಅಷ್ಟರಲ್ಲಿ ಫಾಲನಿಕೊ ಶಂಖ ಹಿಡಿದು ಬಂದ. ಆ ದಾರಿಯ ಒಂದೊಂದು ಹೆಜ್ಜೆಯೂ ಅವನಿಗೆ ಬಾಯಿಪಾಠ. ಆದರೆ ಎಂದೂ ಏನೂ ಇರದ ಜಾಗದಲ್ಲಿ ಇವತ್ತು ಬಂಡೆಯಂಥ ಮೇಷ್ಟ್ರು ಕೂತಿದ್ದ. ನೇರವಾಗಿ ಹೋಗಿ ಎಡವಿದ, ಮುಗ್ಗರಿಸಿ ಬಿದ್ದ. ಹಾಡುಹಗಲಿನಲ್ಲಿ, ಇಡೀ ಸಭೆಯ ಎದುರು!

ರೋರಿ ಚಾಪೆ ಕಿತ್ತೆಸೆದು ಅವನನ್ನು ತಬ್ಬಿ ಎತ್ತಿದ. ಉಳಿಸಲು ಬಂದವನೇ ಬೀಳಿಸಿದೆನಲ್ಲಾ ಎಂದು ಅವನ ಕಣ್ಣಲ್ಲಿ ನೀರು. ಯಾರೂ ನಗಲಿಲ್ಲ.

"ಎಷ್ಟು ದಿನದಿಂದ?" ಒಲೊಮಾಲು ಕೇಳಿದ.

"ಎರಡು ವರ್ಷ." ಫಾಲನಿಕೊ ಹುಲ್ಲಿನ ಮೇಲೆ ಕೂತು ತಡವರಿಸಿ ಶಂಖವನ್ನು ಅವನ ಪಾದದ ಬಳಿ ಇಟ್ಟ. "ತಗೊಳ್ಳಿ. ಮೇಷ್ಟ್ರನ್ನ ಏನೂ ಅನ್ಬೇಡಿ. ಅವನ ಮೇಲೆ ನಂಗಿರೋ ಸಿಟ್ಟು ಒಂದೇ: ಕೊನೇ ಹತ್ತು ನಿಮಿಷ ಬಾಯೇ ಬಿಡ್ಲಿಲ್ಲ. ನಮ್ಮೂರು ಗೆದ್ದ ಟ್ರೈ ನಾನೊಬ್ಬನೇ ನೋಡ್ಲಿಲ್ಲ."

ಒಲೊಮಾಲು ಶಂಖ ಎತ್ತಿಕೊಂಡ. ಆಮೇಲೆ, "ನಂಗೆ ಎರಡೂ ಕಣ್ಣಿದಾವೆ ಫಾಲನಿಕೊ. ನಾನೂ ಅಲ್ಲೇ ಕೂತಿದ್ದೆ. ಸೂರ್ಯ ಮುಳುಗಿದ್ದು ನಂಗೂ ಕಾಣ್ಲಿಲ್ಲ," ಎಂದ.

ಎಂದವನು ಎದ್ದ. ಎಪ್ಪತ್ತು ದಾಟಿದ ಮುದುಕ ಉಟ್ಟ ಬಟ್ಟೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿಕೊಂಡು ಶಂಖವನ್ನು ಕಂಕುಳಲ್ಲಿ ಇರುಕಿಕೊಂಡ. "ಕೇಳು. ನಮ್ಮ ಹುಡುಗ ಬಲಗಡೆಯಿಂದ ಚೆಂಡು ಹಿಡಿದ." ಹುಲ್ಲಿನ ಮೇಲೆ ಓಡಿದ. "ಒಬ್ಬ ಅಡ್ಡ ಬಂದ, ಹೀಗೆ ತಳ್ಳಿದ!" ಅಡ್ಡ ನಿಂತಿದ್ದ ಸಭೆಯ ಸದಸ್ಯನೊಬ್ಬ ನಿಜವಾಗಿಯೂ ಉರುಳಿದ. "ಇನ್ನಿಬ್ಬರು ಸೊಂಟಕ್ಕೆ ಬಿದ್ದರು. ಎಳ್ಕೊಂಡೇ ಬಂದ, ಬಂದ, ಬಂದ..." ಏದುಸಿರು ಬಿಡುತ್ತ ಫಾಲನಿಕೊನ ಮುಂದೆ ಮಂಡಿಯೂರಿ ಶಂಖವನ್ನು ಅವನ ಮಡಿಲಿಗೆ ಒತ್ತಿದ. ಅವನ ಎರಡೂ ಕೈಗಳನ್ನು ಅದರ ಮೇಲೆ ಇರಿಸಿದ.

"ಇಲ್ಲಿ ಊರಿದ. ಗಟ್ಟಿ ಹಿಡ್ಕೊ, ಜಾರೀತು."

ಫಾಲನಿಕೊ ಹಿಡಿದುಕೊಂಡ. ಕೆನ್ನೆ ಒದ್ದೆಯಾದದ್ದನ್ನು ಒರೆಸಿಕೊಳ್ಳಲೂ ಕೈ ಬಿಡಲಿಲ್ಲ.

"ಡಿಸೆಂಬರಿಗೆ ಈ ಮೇಷ್ಟ್ರು ಊರಿಗೆ ಹೋಗ್ತಾನೆ," ಒಲೊಮಾಲು ಉಸಿರು ತಿರುಗಿಸಿಕೊಳ್ಳುತ್ತ ಎಂದ. "ಆಮೇಲೆ ನಿನ್ನ ಪಕ್ಕ ನಾನು ಕೂರ್ತೀನಿ."

"ಕೊನೇ ಹತ್ತು ನಿಮಿಷ ನೀವು ಬಾಯಿ ಬಿಡ್ತೀರಾ?" ಎಂದು ಫಾಲನಿಕೊ ಕೇಳಿದ.