ಒಂದು ಸಾಲು ಹೆಚ್ಚಿನ ಬಲೆ

ಕಂಪ್ಲಿಯಲ್ಲಿ ಮೀನಿನ ಬಲೆ ಕಟ್ಟುವವರು ಹತ್ತಾರು ಮಂದಿ ಸಿಗುತ್ತಾರೆ. ಲ್ಯಾಕ್ರೋಸ್ ಆಟದ ಬಲೆ ಕಟ್ಟುವವನು ಒಬ್ಬನೇ, ಹೊಳೆದಂಡೆಯ ಭರಮಣ್ಣ. ನನ್ನದು ಹಗ್ಗ, ನೈಲಾನ್ ದಾರ, ಬಿದಿರು ಮಾರುವ ಅಂಗಡಿ. ಇಪ್ಪತ್ತು ವರ್ಷದಿಂದ ಅವನಿಗೆ ದಾರ ಕೊಡುತ್ತಿರುವುದರಿಂದ ಅವನ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಓದಿದ ಮೇಲೆ ನಿಮಗೆ ಬೇರೆ ಅನ್ನಿಸಿದರೆ ನನ್ನ ತಕರಾರಿಲ್ಲ.

ಆಟವನ್ನು ಊರಿಗೆ ತಂದವರು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವ ರೇವಣಸಿದ್ದ ಮೇಷ್ಟ್ರು. ಆರು ವರ್ಷದ ಹಿಂದೆ ಎಲ್ಲೋ ಒಂದು ವಾರದ ತರಬೇತಿಗೆ ಹೋದವರು ಒಂದು ಪ್ಲಾಸ್ಟಿಕ್ ಕೋಲು, ಒಂದು ಹಳದಿ ರಬ್ಬರ್ ಚೆಂಡು ಹಿಡಿದು ಬಂದರು. ಕೋಲಿನ ತುದಿಗೆ ಪುಟ್ಟ ಬಲೆ. ಅದರಲ್ಲಿ ಚೆಂಡನ್ನು ಹಿಡಿದು ಓಡಬೇಕು, ಜೊತೆಯವರಿಗೆ ಎಸೆಯಬೇಕು, ಕೊನೆಗೆ ಗೋಲಿಗೆ ಬೀಸಬೇಕು. ಅಮೆರಿಕದ ಮೂಲನಿವಾಸಿಗಳು ಮರದ ಕೋಲಿಗೆ ತೊಗಲಿನ ಎಳೆ ಕಟ್ಟಿ ಆಡುತ್ತಿದ್ದ ಆಟವಂತೆ. ಆಮೇಲೆ ಬಂದ ಬಿಳಿಯರು ಅದನ್ನು ಕಲಿತು, ನಿಯಮ ಬರೆದು, ತಮ್ಮದು ಮಾಡಿಕೊಂಡರಂತೆ. ವ್ಯಾಪಾರಸ್ಥನಾದ ನನಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ.

ಇಷ್ಟೆಲ್ಲ ಆಟ ಬಿಟ್ಟು ಇದೇ ಯಾಕೆ ಎಂದು ಕೇಳಿದ್ದಕ್ಕೆ ಮೇಷ್ಟ್ರು ಮುಚ್ಚಿಡದೆ ಹೇಳಿದರು: “ರಾಜ್ಯ ತಂಡ ಸೇರಾಕ ಕಬಡ್ಡಿಗೆ ಪಾಳಿ ಭಾಳ ಉದ್ದ ಐತ್ರಿ ಸಾವ್ಕಾರ್ರ. ಇದಕ್ಕ ಪಾಳಿನ ಇಲ್ಲ.”

ಅಂಗಡಿ ಕೋಲುಗಳ ಬೆಲೆ ಕೇಳಿ ಮೇಷ್ಟ್ರು ಮೇದಾರ ಓಣಿಯಲ್ಲಿ ಬಿದಿರು ಬಗ್ಗಿಸಿ ಕೋಲು ಮಾಡಿಸಿದರು, ಬಲೆಗೆ ಭರಮಣ್ಣನನ್ನು ಹಿಡಿದರು. ಭರಮಣ್ಣ ಪ್ಲಾಸ್ಟಿಕ್ ಕೋಲನ್ನು ಮಗುಚಿ ನೋಡಿದ, ಬಲೆ ಆಳವಿಲ್ಲ ಎಂದು ನಕ್ಕ. ಅವನು ಕಟ್ಟಿದ್ದು ಮೀನಿನ ಬಲೆಯ ಹಾಗೆ ಆಳವಾಗಿತ್ತು. ಬಿದ್ದ ಚೆಂಡು ಹೊರಗೆ ಬರುತ್ತಿರಲಿಲ್ಲ. ಆಟಕ್ಕೆ ಸೇರಿದ ನಮ್ಮೂರ ಹುಡುಗಿಯರು ಬೀಸುಬಲೆ ಎಸೆಯುವ ಹಾಗೆ ಮಣಿಕಟ್ಟು ತಿರುಗಿಸಿ ಚೆಂಡು ಬಿಡುವುದನ್ನು ಕಲಿತರು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಭರಮಣ್ಣನ ಮಗಳು ಗಾಯತ್ರಿ.

ನೋಡನೋಡುತ್ತ ಬುಕ್ಕಸಾಗರದಲ್ಲಿ ಒಂದು ತಂಡ, ಹೊಸಪೇಟೆಯಲ್ಲಿ ಎರಡು, ಸಂಡೂರಿನ ಗಣಿ ಕಾಲೊನಿಯಲ್ಲಿ ಒಂದು ಹುಟ್ಟಿಕೊಂಡವು. ಹಂಪಿಯವರೂ ಶುರು ಮಾಡಿದ್ದರು. ಚೆಂಡು ಒಂದು ಮಂಟಪದ ಕಂಬಕ್ಕೆ ತಾಗಿದ ದಿನ ಕಾವಲುಗಾರ ಓಡಿಸಿದ. ಸಂಡೂರಿನವರ ಕೈಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಕೋಲುಗಳಿದ್ದವು. ಆದರೂ ನಮ್ಮ ಬಿದಿರಿಗೆ ಸೋತು, ಕೆಂಪು ಧೂಳು ಕೊಡವಿಕೊಂಡು ಹೋಗುತ್ತಿದ್ದರು. ತಾಲ್ಲೂಕು ಸಂಘಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಆಟ ಬರುತ್ತದೆಂದಲ್ಲ, ಬ್ಯಾನರ್ ಕಟ್ಟುವ ಹಗ್ಗ ಪುಕ್ಕಟೆ ಸಿಗುತ್ತದೆಂದು.

ಹೋದ ವರ್ಷ ಹತ್ತೊಂಬತ್ತರೊಳಗಿನ ಹುಡುಗಿಯರ ರಾಜ್ಯ ತಂಡದ ಆಯ್ಕೆ ಹೊಸಪೇಟೆಯಲ್ಲೇ ಎಂದು ಗೊತ್ತಾಯಿತು. ಆಯ್ಕೆಯಾದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಊಟ, ವಸತಿ, ಡಿಗ್ರಿ ಖರ್ಚೆಲ್ಲ ಅವರದೇ. ಗಾಯತ್ರಿಗೆ ಹದಿನೆಂಟು ತುಂಬಿತ್ತು, ಪಿಯುಸಿ ಮುಗಿದಿತ್ತು, ಅವಳಿಗೆ ಇದೊಂದೇ ಸಲ. ಮಗಳು ಆ ಹಾಸ್ಟೆಲ್ ಸೇರಬೇಕು ಎನ್ನುವುದನ್ನು ಬಿಟ್ಟು ಭರಮಣ್ಣ ನನ್ನ ಅಂಗಡಿಯಲ್ಲಿ ಬೇರೆ ಮಾತೇ ಆಡುತ್ತಿರಲಿಲ್ಲ.

ಆಯ್ಕೆಗೆ ಎರಡು ತಿಂಗಳಿರುವಾಗ ನಿಯಮದ ಪುಸ್ತಕ ಬಂತು. ಹುಡುಗಿಯರ ಆಟದಲ್ಲಿ ಬಲೆಗೆ ಚೆಂಡು ಹಾಕಿ ಕೋಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದಾಗ, ಚೆಂಡಿನ ನೆತ್ತಿ ಅಂಚಿನ ಮೇಲೆ ಕಾಣಬೇಕು. ಕಾಣದಿದ್ದರೆ ಆ ಕೋಲು ನಡೆಯುವುದಿಲ್ಲ. ಮೇಷ್ಟ್ರು ತಂಡದ ಹನ್ನೆರಡೂ ಕೋಲುಗಳನ್ನು ಭರಮಣ್ಣನ ಮುಂದೆ ಸುರಿದರು.

“ಒಳಗ ಬಿದ್ದದ್ದು ಹೊರಗ ಹೋಗೋ ಬಲಿ ನಮ್ಮಪ್ಪನೂ ಕಟ್ಟಿಲ್ರಿ” ಎಂದ ಭರಮಣ್ಣ.

“ನಿಮ್ಮಪ್ಪ ಹಾಸ್ಟೆಲ್ ಸೀಟೂ ಕೇಳಿರಲಿಲ್ಲಲ್ಲ” ಎಂದರು ಮೇಷ್ಟ್ರು.

ಭರಮಣ್ಣ ಹನ್ನೆರಡನ್ನೂ ಬಿಚ್ಚಿ ಆಳ ಕಡಿಮೆ ಮಾಡಿ ಕಟ್ಟಿಕೊಟ್ಟ. ಹುಡುಗಿಯರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ನನ್ನ ತಮ್ಮನ ಮಗಳು ಐಶ್ವರ್ಯ ಆಟಕ್ಕೆ ಹೊಸಬಳು. ಹಳೆಯ ರೂಢಿ ಇಲ್ಲದ್ದರಿಂದ ವಾರದಲ್ಲಿ ಹೊಂದಿಕೊಂಡಳು. ಐದು ವರ್ಷ ಆಳದ ಬಲೆಯಲ್ಲಿ ಪಳಗಿದ ಗಾಯತ್ರಿಯ ಕೋಲಿನಿಂದ ಚೆಂಡು ಉರುಳಿ ಉರುಳಿ ಬೀಳುತ್ತಿತ್ತು. ದಿಬ್ಬದ ಮೇಲೆ ಕೂತು ಭರಮಣ್ಣ ಅದನ್ನೇ ನೋಡುತ್ತಿದ್ದ. ತಿಂಗಳು ಕಳೆಯುವುದರೊಳಗೆ ಅವಳ ಕೈ ಕುದುರಿತು ಎಂದು ಮೇಷ್ಟ್ರು ಹೇಳಿದರು. ಕಣ್ಣಾರೆ ಕಂಡರೂ ಭರಮಣ್ಣ ನಂಬಲಿಲ್ಲ.

ಆಯ್ಕೆಯ ಹಿಂದಿನ ದಿನ ಮಧ್ಯಾಹ್ನ ಅವನು ಅಂಗಡಿಗೆ ಬಂದು ಒಂದು ಸಣ್ಣ ಉಂಡೆ ದಾರ ಕೊಂಡ. ಕೋಲುಗಳ ಕೆಲಸ ಯಾವಾಗಲೋ ಮುಗಿದಿತ್ತು. ಯಾಕೆಂದು ನಾನು ಕೇಳಲಿಲ್ಲ. ಗಿರಾಕಿಯನ್ನು ಯಾಕೆ ಎಂದು ಕೇಳುವವನು ಅಂಗಡಿ ಇಡಬಾರದು.

ಹೊಸಪೇಟೆಯ ಮೈದಾನದಲ್ಲಿ, ಬೆಂಗಳೂರು ಕಡೆಯ ಅಂಪೈರಮ್ಮ ಸಾಲಾಗಿ ನಿಂತ ಹುಡುಗಿಯರ ಕೋಲಿಗೆ ಚೆಂಡು ಹಾಕಿ ಕಣ್ಣಿಗೆ ಹಿಡಿದು ನೋಡುತ್ತ ಬಂದರು. ಕಂಪ್ಲಿಯ ಹನ್ನೊಂದು ಕೋಲು ಪಾಸಾದವು. ಗಾಯತ್ರಿಯ ಬಲೆಯಲ್ಲಿ ಚೆಂಡು ಪೂರ್ತಿ ಮುಳುಗಿತು.

“ಇದು ನಡೆಯಲ್ಲಮ್ಮ, ಬೇರೆ ತಗೊಂಬಾ” ಎಂದು ಅವರು ಮುಂದಕ್ಕೆ ಹೋದರು.

ಮೇಷ್ಟ್ರು ಕೋಲು ಕಿತ್ತುಕೊಂಡು ನೋಡಿದರು. ಬಲೆಯ ಬುಡದಲ್ಲಿ ಒಂದು ಸಾಲು ಹೆಣಿಗೆಯ ಕಣ್ಣು ಹೆಚ್ಚಾಗಿ ಆಳ ಬೆಳೆದಿತ್ತು. ದಾರ ಇನ್ನೂ ಹೊಸ ಬಿಳುಪು. ಅಂಥ ಗಂಟು ಹಾಕುವ ಕೈ ಕಂಪ್ಲಿಯಲ್ಲಿ ಒಂದೇ ಎಂದು ನನಗೆ ಗೊತ್ತಿತ್ತು. ಮೀನಿನ ಗಂಟು ತಿಳಿಯದ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಯಾರ ಕೆಲಸ ಇದು ಎಂದು ಗುಡುಗಿದರು. ಗಾಯತ್ರಿ ಬೇಲಿಯಾಚೆ ನಿಂತ ಅಪ್ಪನ ಕಡೆ ಒಮ್ಮೆ ನೋಡಿದಳು.

“ನಾನ ಕಟ್ಟಿಕೊಂಡೀನ್ರಿ ಸಾರ್.”

ಅಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬೇಲಿಯ ತಂತಿ ಹಿಡಿದು ನಿಂತಿದ್ದ. ನಾನೂ ಸುಮ್ಮನಿದ್ದೆ. ಸಾಲು ಸೇರಿಸಿದವನ ಹೆಸರು ಹೊರಬಿದ್ದರೆ ಅವನೇ ಕಟ್ಟಿದ ಉಳಿದ ಹನ್ನೊಂದು ಕೋಲಿನ ಮೇಲೂ ಅನುಮಾನ ಹರಿದಾಡುತ್ತಿತ್ತು. ಅದರಲ್ಲೊಂದು ಐಶ್ವರ್ಯಳದು.

ನಿಯಮದ ಪ್ರಕಾರ ಬೇರೆ ಕೋಲಿನಲ್ಲಿ ಆಡಬಹುದಿತ್ತು. ಸಂಡೂರಿನವರಿಂದ ಕೇಳಿ ತಂದ ಪ್ಲಾಸ್ಟಿಕ್ ಕೋಲಿನಲ್ಲಿ ಗಾಯತ್ರಿ ಆಡಿದಳು, ಚೆನ್ನಾಗಿಯೇ ಆಡಿದಳು. ಎರಡು ಗೋಲು ಹೊಡೆದಳು. ಚೆಂಡು ಬಿದ್ದದ್ದು ಒಂದೇ ಸಲ. ಆದರೆ ಆಯ್ಕೆದಾರರ ಮೇಜು ಹತ್ತು ಹೆಜ್ಜೆ ದೂರದಲ್ಲೇ ಇತ್ತು, ಮೇಷ್ಟ್ರ ಗಂಟಲು ದೊಡ್ಡದು. ಕಳ್ಳ ಕೋಲು ತಂದವಳು ಎಂಬ ಮಾತು ಆ ಮೇಜನ್ನು ತಲುಪಲು ಸಮಯ ಬೇಕಾಗಲಿಲ್ಲ. ಸಂಜೆ ಪಟ್ಟಿ ಓದಿದಾಗ ಕಂಪ್ಲಿಯಿಂದ ಎರಡು ಹೆಸರು ಬಂದವು. ಒಂದು ನಮ್ಮ ಮನೆಯದು.

ಊರಲ್ಲಿ ಸನ್ಮಾನ ಮಾಡಿದೆವು. ಕೋಲು ಕಟ್ಟಿದವನೆಂದು ಭರಮಣ್ಣನಿಗೂ ಒಂದು ಶಾಲು ಹೊದಿಸಿದೆವು, ಅಧ್ಯಕ್ಷನಾದ ನಾನೇ ಹೊದಿಸಿದೆ. ಅವನು ಬ್ಯಾಡ ಎನ್ನಲಿಲ್ಲ. ಮರುದಿನ ಅಂಗಡಿಗೆ ಬಂದಾಗ, ಅವತ್ತು ಬಾಯಿ ಯಾಕೆ ಬಿಡಲಿಲ್ಲ ಎಂದು ಕೇಳಿದೆ.

“ನಾ ಹೌದಂದಿದ್ರ ಆಕಿ ಸುಳ್ಳಿ ಆಗ್ತಿದ್ಲು, ಸಾವ್ಕಾರ್ರ.”

“ಈಗ ಕಳ್ಳಿ ಆದ್ಲಲ್ಲೋ.”

ನೀವ್ಯಾಕ ಸುಮ್ಮನಿದ್ರಿ ಎಂದು ಅವನು ಮೆಲ್ಲಗೆ ಕೇಳಿದ. ನಾನು ದಾರ ತೂಗಿದೆ.

ಈಗ ಆಟ ಬೆಳೆದಿದೆ. ಸಂಡೂರಿನವರೂ ಅವನ ಬಲೆಯೇ ಬೇಕೆನ್ನುತ್ತಾರೆ. ಗಾಯತ್ರಿ ದಿನಾ ಬೆಳಗಿನ ಬಸ್ಸಿಗೆ ಹೊಸಪೇಟೆಗೆ ಹೋಗಿ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ.

ಹೋದ ತಿಂಗಳು ಒಂದು ಭಾನುವಾರ ಮೇಷ್ಟ್ರು ನನ್ನನ್ನು ಜೊತೆ ಮಾಡಿಕೊಂಡು ಭರಮಣ್ಣನ ಮನೆಗೆ ಹೋದರು. ಸಣ್ಣ ಹುಡುಗಿಯರು ಮೂವತ್ತು ಜನ ಸೇರಿದ್ದಾರೆ, ರಜೆಯ ದಿನವಾದರೂ ಬಂದು ಕಲಿಸು ಎಂದು ಗಾಯತ್ರಿಯನ್ನು ಕೇಳಿದರು. ಭರಮಣ್ಣ ಪಡಸಾಲೆಯಲ್ಲಿ ಕೂತು ಕೋಲೊಂದಕ್ಕೆ ಬಲೆ ಹೆಣೆಯುತ್ತಿದ್ದ.

ಗಾಯತ್ರಿ ನಮಗೆ ಚಹಾ ಇಟ್ಟು ನಿಂತಳು. “ಮೋಸ ಮಾಡಿದಾಕಿನ್ನ ಯಾಕ ಕರೀತೀರಿ ಸಾರ್? ಹುಡುಗ್ಯಾರಿಗೆ ಏನಂತ ಹೇಳ್ತೀರಿ?”

ಆದದ್ದು ಆಯಿತು, ಮರೆತುಬಿಡು ಎಂದರು ಮೇಷ್ಟ್ರು. ಅವಳು ಅವರನ್ನು ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು. ಸಾಕಷ್ಟು ಹೊತ್ತು ಕೊಟ್ಟಳು. ಭರಮಣ್ಣನ ಕೈ ನಿಂತಿತು, ತುಟಿ ಅಲುಗಿದ ಹಾಗೂ ಆಯಿತು. ಆಮೇಲೆ ಅವನು ತಲೆ ತಗ್ಗಿಸಿ ಮುಂದಿನ ಗಂಟು ಹಾಕಿದ.

“ನಾ ಬರಂಗಿಲ್ರಿ” ಎಂದು ಹೇಳಿ ಅವಳು ಒಳಗೆ ಹೋದಳು.

ಮೇಷ್ಟ್ರು ಈ ಹುಡುಗಿಗೆ ಸೊಕ್ಕು ಎಂದರು. ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ.