ಮದ್ರಾಸ್ ಮೇಲಿನಿಂದ ಹೆಣ ಇಳಿಸುವ ಧರ್ಮಣ್ಣ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಮುಂಬಯಿಯಿಂದ ಹೊರಟ ಮದ್ರಾಸ್ ಮೇಲು ಏದುಸಿರು ಬಿಡುತ್ತ ಕಲಬುರಗಿ ಸ್ಟೇಷನ್ನಿಗೆ ಬಂದು ನಿಲ್ಲುತ್ತದೆ. ಹೆಸರಿಗೆ ಮೇಲು, ಹಮಾಲ ಧರ್ಮಣ್ಣನ ಪಾಲಿಗೆ ಅದು ಕೆಳಗಿಳಿಸುವ ಗಾಡಿ. ಥರ್ಡ್ ಕ್ಲಾಸ್ ಡಬ್ಬಿಯಲ್ಲಿ ಇವತ್ತು ಎರಡು ಹೆಣ. ಭುಜ ಹಿಡಿಯುವವನು ಧರ್ಮಣ್ಣ, ಕಾಲು ಹಿಡಿಯುವವನು ಜೊತೆಗಾರ ಹುಸೇನ.

ಗಾರ್ಡನ ದನಿಯನ್ನು ಧರ್ಮಣ್ಣ, ಪತ್ರಿಕೆಗೆ ಬರೆಯಲು ಬಂದ ನನ್ನೆದುರು ಮೂಗಿನಲ್ಲೇ ತೆಗೆಯುತ್ತಾನೆ: "'ಜಲ್ದೀ ಕರೋ! ಮೇಲ್ ಲೇಟ್ ಹೋತಾ!' ಸತ್ತವ್ರಿಗಿ ಎಲ್ಲೀ ಅವಸರ್ರೀ?"

"ನಿನ್ನ ಮಾತಿಗಿ ಹೆಣಾನೂ ಎದ್ದು ನಕ್ಕೀತು. ಸುಮ್ಮನ ಎತ್ತೋ," ಎನ್ನುತ್ತಾನೆ ಹುಸೇನ.

ಯುದ್ಧದ ಸಿಪಾಯಿಗಳ ಜೊತೆ ಮುಂಬಯಿ ಬಂದರಿಗೆ ಇಳಿದ ಈ ಇನ್‌ಫ್ಲುಯೆಂಜಾ ಜ್ವರ ರೈಲು ಹತ್ತುವ ಮುಂಚೆ ಧರ್ಮಣ್ಣ ಇಳಿಸುತ್ತಿದ್ದುದು ಪೆಟ್ಟಿಗೆ, ಹಾಸಿಗೆಸುರುಳಿ. ಊರು ಕಮಲಾಪುರ. ಅಲ್ಲಿನ ಕೆಂಪು ಬಾಳೆಯ ಗೊನೆಗಳನ್ನು ಗಾಡಿಗೇರಿಸಲು ಬಂದವನು ಇಲ್ಲೇ ಉಳಿದ. ಎರಡು ತಿಂಗಳಲ್ಲಿ ಇಳಿಸಿದ ಹೆಣ ಎಪ್ಪತ್ತೊಂದು. ಊರಲ್ಲಿ ತಮ್ಮ ಭಾಗಪ್ಪ ಸತ್ತ ಸುದ್ದಿ ಮುಟ್ಟಿದ್ದು ಮಣ್ಣಾದ ನಾಲ್ಕನೆಯ ದಿನ.

"ನನ್ನ ತಮ್ಮಗ ಯಾರೋ ಮಣ್ಣು ಕೊಟ್ಟಾರ. ಇವ್ರಿಗಿ ನಾ ಕೊಡ್ತೀನಿ."

ಜ್ವರದ ಹೆಣದ ಬಟ್ಟೆ ಬಿಚ್ಚಬಾರದೆಂದು ನಿಜಾಮ ಸರ್ಕಾರದ ಡಾಕ್ಟರರ ಹುಕುಂ. ಹಾಗಾಗಿ ವಾರಸುದಾರರಿಲ್ಲದವರ ಕೊರಳು ನೋಡಬೇಕು. ಕರಡಿಗೆಯೆಂಬ ಪುಟ್ಟ ಡಬ್ಬಿಯಲ್ಲಿ ಲಿಂಗವಿದ್ದರೆ ರುದ್ರಭೂಮಿ, ತಾಯತವಿದ್ದರೆ ಖಬರಸ್ತಾನ, ಏನೂ ಇಲ್ಲದಿದ್ದರೆ ಕಟ್ಟಿಗೆಯ ಚಿತೆ. ಧರ್ಮಣ್ಣ ಲಿಂಗವಂತ, ಇನ್ನೊಬ್ಬರ ಲಿಂಗ ಮುಟ್ಟಬಾರದೆಂಬುದು ತಾಯಿ ಕಲಿಸಿದ ನೇಮ; ಡಬ್ಬಿ ಬಿಚ್ಚುತ್ತಿರಲಿಲ್ಲ.

ಅವನು ಎಡವಿದ್ದೂ ಅಲ್ಲೇ. ದೀಪಾವಳಿಯ ಮರುದಿನ ಇಳಿಸಿದ ಮುದುಕನ ಕೊರಳಲ್ಲಿ ಮುಚ್ಚಳ ನೆಗ್ಗಿದ ಬೆಳ್ಳಿಯ ಡಬ್ಬಿಯಿತ್ತು. ಧೋತರ, ರುಮಾಲು ಈ ಸೀಮೆಯಲ್ಲಿ ಎಲ್ಲರೂ ತೊಡುವಂಥವೇ.

"ಒಮ್ಮಿ ಬಿಚ್ಚಿ ನೋಡೋ," ಅಂದ ಹುಸೇನ.

"ಲಿಂಗದ ಕರಡಿಗಿ ಬಿಚ್ಚಂತೀ? ಕೈ ದೂರ ಇಡು!" ಎಂದು ಗದರಿದ ಧರ್ಮಣ್ಣ, ಮುದುಕನನ್ನು ಕುಣಿಯಲ್ಲಿ ಕುಳ್ಳಿರಿಸಿ, ಹಣೆಗೆ ವಿಭೂತಿ ಬಳಿದು ಮಣ್ಣು ಕೊಟ್ಟ.

ಹನ್ನೆರಡನೆಯ ದಿನ ಕುಲ್ಸುಮ್ ಎಂಬ ಹೆಂಗಸು ರಾಯಚೂರಿನಿಂದ ಒಂದೊಂದೇ ಸ್ಟೇಷನ್ನು ಕೇಳುತ್ತ ಇಲ್ಲಿಗೆ ಬಂದಳು. ಮುಂಬಯಿಯಲ್ಲಿದ್ದ ಮಗನನ್ನು ನೋಡಲು ಹೋಗಿದ್ದ ಅವಳ ಅಪ್ಪ ಮರಳಿ ರಾಯಚೂರಿನಲ್ಲಿ ಇಳಿಯಲೇ ಇಲ್ಲ.

"ಕೊರಳಾಗ ಬೆಳ್ಳಿ ತಾಯತ ಇತ್ತು ಕಾಕಾ. ಮುಚ್ಚಳಕ್ಕ ಸಣ್ಣ ನೆಗ್ಗು."

ಹುಸೇನ ಅತ್ತ ತಿರುಗಿದ. ನೋಡಿಲ್ಲ ಎಂದಿದ್ದರೆ ಅವಳು ಮುಂದಿನ ಸ್ಟೇಷನ್ನಿಗೆ ಹೋಗುತ್ತಿದ್ದಳು. ಧರ್ಮಣ್ಣನ ಕೆಲಸಕ್ಕೂ ಕುತ್ತು ಬರುತ್ತಿರಲಿಲ್ಲ. ಅವನು ಇದ್ದದ್ದು ಇದ್ದಂತೆ ಹೇಳಿಬಿಟ್ಟ.

"ಮುಖ ಯಾವ ಕಡಿ ಮಾಡೀರಿ?"

"ಉತ್ತರಕ್ಕವ್ವಾ. ಕೂಡಿಸೀನಿ."

ಅವಳು ಪ್ಲಾಟ್‌ಫಾರಮ್ಮಿನ ಮೇಲೇ ಕೂತುಬಿಟ್ಟಳು. "ಜಿಂದಗಿಪೂರಾ ಪಶ್ಚಿಮಕ್ಕ ಬಾಗಿದವರು ನಮ್ಮಪ್ಪ!"

ಹೂತದ್ದನ್ನು ಅಗೆಯುವುದು ಬೇಡ, ಅಲ್ಲೇ ನಮಾಜು ಓದಿರಿ ಎಂದರು ಕಾಜಿಯವರು. ರುದ್ರಭೂಮಿಯಲ್ಲಿ ಹುಸೇನ ಮತ್ತು ನಾಲ್ವರು ಸಾಲಾಗಿ ನಿಂತು ಓದಿದರು. ಬೇಲಿಯಾಚೆ ನಿಂತಿದ್ದ ಧರ್ಮಣ್ಣನತ್ತ ಕುಲ್ಸುಮ್ ನೋಡದೆಯೇ ಹೋದಳು. ಅವನ ಕೆಲಸ ಮಾತ್ರ ಹೋಗಲಿಲ್ಲ. ಇದಕ್ಕೆ ಬೇರೆ ಯಾರೂ ಸಿಗುವುದಿಲ್ಲ.

ಈಗ ಧರ್ಮಣ್ಣ ಪ್ರತಿ ಡಬ್ಬಿಯನ್ನೂ ಬಿಚ್ಚುತ್ತಾನೆ. "ಜಂಗಮರು ನಮ್ಮ ಮನಿ ಬಾಗಲಕ್ಕ ಬರೂದು ಬಿಟ್ಟಾರ. ಬಿಡ್ಲಿ. ಪಾಪ ನನಗಿರ್ಲಿ."

ಇವತ್ತಿನ ಇಬ್ಬರ ಕೊರಳೂ ಬರಿದು. ಒಬ್ಬನ ರುಮಾಲಿನ ಸೆರಗಿನಲ್ಲಿ ಸಿಕ್ಕ ಟಿಕೀಟನ್ನು ಧರ್ಮಣ್ಣ ಬೆಳಕಿಗೆ ಹಿಡಿಯುತ್ತಾನೆ. ಓದು ಬಾರದು, ನನ್ನ ಕೈಗಿಡುತ್ತಾನೆ.

"ಇದರ ಮ್ಯಾಲ ಹತ್ತೂ ಊರು, ಇಳಿಯೂ ಊರು ಎರಡೂ ಅದಾವಂತ. ಓದಿದವ್ರು ನೀವು, ರೈಲ್ವೇ ದೊಡ್ಡ ಸಾಹೇಬ್ರಿಗಿ ಒಂದು ಅರ್ಜಿ ಬರೀರಿ. ಹತ್ತಿದ ಮನಿಷ್ಯಾನ ಹೆಸರೂ ಟಿಕೀಟಿನ್ಯಾಗ ಬರಸ್ರಿ ಅಂತ. ಅಷ್ಟ ಆದ್ರ ಸಾಕ್ರೀ ನನಗ."