ಟೈಗರ್‌ಗೆ ಅವಸರದಲ್ಲಿ ಕೊಟ್ಟ ಶಿಕ್ಷೆ

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ಬೆಳಿಗ್ಗೆ ಬನ್ನು ಮಾರುವ ಚಾಚಾ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ತಗಡಿನ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಬೀದಿಯೆಲ್ಲ ಬಿಸಿ ಬನ್ನಿನ ಘಮ. ಮುರಿದ ರಸ್ಕು ನಮ್ಮ ನಾಯಿ ಟೈಗರ್‌ಗೆ.

ಒಂದು ದಿನ ಚಾಚಾ ಪೆಟ್ಟಿಗೆಯನ್ನು ಟೈಗರ್‌ನ ಅನ್ನದ ತಟ್ಟೆಯ ಪಕ್ಕದಲ್ಲೇ ಇಳಿಸಿದರು. ಅದಕ್ಕೇನನ್ನಿಸಿತೋ, ಗಬಕ್ಕನೆ ಅವರ ಕಾಲಿಗೆ ಬಾಯಿ ಹಾಕಿತು. ಬಿಳಿ ಪೈಜಾಮ ಕೆಂಪಾಯಿತು. ಅಕ್ಕ ಓಡಿಬಂದು ಸೋಪು ಹಾಕಿ ಗಾಯ ತೊಳೆದಳು. ಅಷ್ಟರಲ್ಲಿ ಬೀದಿಯೇ ಸೇರಿತ್ತು.

"ನಾಯಿ ಸಾಕಿದ್ದೀರೋ, ಹುಲಿ ಸಾಕಿದ್ದೀರೋ ಮಾರಾಯ್ರೆ?" ಎದುರುಮನೆಯವರು ಚುಚ್ಚಿದರು. ಅಪ್ಪನ ಮುಖ ಕಪ್ಪಿಟ್ಟಿತು.

"ಬಿಡಿ ಸಾಮಿ, ಅದರ ಊಟದ ಹತ್ರ ಹೋಗಿದ್ದು ನಾನೇ," ಅಂದರು ಚಾಚಾ.

"ಕಟ್ಟಿಹಾಕೋಣ ಅಪ್ಪಾ," ಅಂತ ಅಕ್ಕ ಅತ್ತಳು.

"ನನ್ನ ನಾಯಿ ಅಂತ ಪಕ್ಷ ವಹಿಸೋನಲ್ಲ ನಾನು. ಈಗಲೇ ಮುಗಿಸ್ತೀನಿ," ಅಂದು ಅಪ್ಪ ಹಗ್ಗ ಹಿಡಿದು ಹೊರಟರು. ತಿರುಗಾಡಲು ಹೊರಟೆವು ಅಂದುಕೊಂಡ ಟೈಗರ್ ಬಾಲ ಆಡಿಸುತ್ತಾ ಹೋಯಿತು. ಅಪ್ಪ ಬರೀ ಹಗ್ಗ ಹಿಡಿದು ವಾಪಸ್ ಬಂದರು. ಬೀದಿಯವರು ತಲೆದೂಗಿದರು. ನಮ್ಮಪ್ಪ ಎಂಥ ನ್ಯಾಯವಂತ ಅಂತ ನಾನೂ ಬೀಗಿದೆ.

ಆಮೇಲಷ್ಟೇ ಚಾಚಾನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ಕೇಳಿದ್ದೇ, "ನಾಯಿ ಎಲ್ಲಿ?"

"ಕೊಲ್ಲಿಸಿಬಿಟ್ಟೆ ಸಾರ್."

"ಅಯ್ಯೋ, ಯಾಕ್ರೀ? ಕಟ್ಟಿಹಾಕಿ ನೋಡಬೇಕಿತ್ತು. ಹತ್ತು ದಿನ ಅದು ಚೆನ್ನಾಗಿದ್ದಿದ್ರೆ ಇವರ ಸೂಜಿ ನಿಲ್ಲಿಸಬಹುದಿತ್ತು. ಅದಕ್ಕೆ ಹುಚ್ಚು ಹಿಡಿದಿತ್ತೋ ಇಲ್ವೋ ಈಗ ಹೇಗೆ ಗೊತ್ತಾಗುತ್ತೆ? ಹೊಟ್ಟೆಗೆ ಹದಿನಾಲ್ಕು ಸೂಜಿಯನ್ನೂ ಹಾಕಿಸಿಕೊಳ್ಳಲೇಬೇಕು."

ಅಪ್ಪ ನೆಲ ನೋಡಿದರು. ಚಾಚಾ ಅಂಗಿ ಎತ್ತಿ, "ಹಾಕಿ ಸಾರ್, ಬನ್ನು ತಿಂದು ಬೆಳೆಸಿದ ಹೊಟ್ಟೆ, ಜಾಗ ಬೇಕಾದಷ್ಟಿದೆ," ಅಂತ ನಕ್ಕರು. ಆ ನಗುವಿಗೆ ಅಪ್ಪ ಇನ್ನೂ ಕುಗ್ಗಿಹೋದರು. ಸೂಜಿ ಮುಗಿಯುವವರೆಗೂ ಅಪ್ಪ ಚಾಚಾನನ್ನು ತಮ್ಮ ಸೈಕಲ್ಲಿನಲ್ಲೇ ಕೂರಿಸಿಕೊಂಡು ಹೋಗಿಬಂದರು. ಹೊಟ್ಟೆ ಹಿಡಿದು ಮೆಲ್ಲಗೆ ಇಳಿಯುತ್ತಿದ್ದ ಚಾಚಾನನ್ನು ಕಂಡರೆ ನಾನು ಒಳಗೆ ಓಡುತ್ತಿದ್ದೆ. ತಲೆದೂಗಿದ್ದ ಒಬ್ಬರೂ ಆ ಕಡೆ ಸುಳಿಯಲಿಲ್ಲ.

ಮುಂದೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಂಗಡಿ ಹಾಕಿದೆ. ಎಷ್ಟು ಬೇಕಾದರೂ ಚೌಕಾಸಿ ಮಾಡಿದ್ದೇನೆ, ನೋಡುವವರಿಗೋಸ್ಕರ ಅವಸರದಲ್ಲಿ ಯಾವ ವ್ಯವಹಾರವನ್ನೂ ಮುಗಿಸಲಿಲ್ಲ. ನೀವೂ ಹಾಗೇ ಮಾಡಿ.

ನಿಮ್ಮ ನಾಯಿಗೆ ಲಸಿಕೆ ಹಾಕಿಸಿದ್ದೀರಿ. ಕಚ್ಚಿದರೂ ಈಗ ತೋಳಿಗೆ ಕೆಲವೇ ಸೂಜಿ. ಆದರೂ ತಡಮಾಡದೆ ಗಾಯ ತೊಳೆದು ಆಸ್ಪತ್ರೆಗೆ ಓಡಿ, ನಾಯಿಯ ವಿಚಾರ ಆಮೇಲೆ. ಆಗ ಬೀದಿಯಲ್ಲಿ ಸೇರುತ್ತಿದ್ದ ಜನ ಈಗ ನಿಮ್ಮ ಫೋನಿನಲ್ಲಿ ಸೇರುತ್ತಾರೆ. ಅವರು ಏನಾದರೂ ಅನ್ನಲಿ, ಪೆಟ್ಟಾದವರ ಮಾತು ಮೊದಲು ಕೇಳಿ. ಚಾಚಾ ಬಿಡಿ ಅಂತ ಹೇಳಿದ್ದರು. ನಾವು ಕೇಳಲಿಲ್ಲ.